ವೈರ್‌ಲೆಸ್ ಮೌಸ್ ಕೆಟ್ಟಿತು ಅನ್ನುವ ಮುಂಚೆ: ಕೊಳ್ಳುವುದು, ಜೋಡಿಸುವುದು, ದಾರಿಗೆ ತರುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಮಾರಾಟ, ಸರ್ವೀಸ್ ಎರಡೂ ಇದೆ. "ಅಣ್ಣಾರ, ಈ ಮೌಸ್ ನಡೀವಲ್ದು ನೋಡ್ರಿ" ಅಂತ ವಾಪಸ್ ತರುವ ವೈರ್‌ಲೆಸ್ ಮೌಸ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಸೆಲ್ ಮುಗಿದಿರುತ್ತದೆ, ಡಾಂಗಲ್ ಬೇಡದ ಜಾಗದಲ್ಲಿರುತ್ತದೆ, ಇಲ್ಲಾ ಮೇಜಿನ ಮೇಲೆ ಗಾಜು ಇರುತ್ತದೆ. ಆಳಂದದಿಂದ, ಸೇಡಂನಿಂದ ಬಸ್ಸು ಹತ್ತಿ ಬಂದವರ ಮೌಸನ್ನು ಎರಡು ನಿಮಿಷದಲ್ಲಿ ಸರಿಮಾಡಿ ಕೊಡುವಾಗ ಬೇಜಾರಾಗುತ್ತದೆ. ಅವರ ಅರ್ಧ ದಿನ ಹೋಯಿತಲ್ಲ! ಮನೆಯಲ್ಲೇ, ಆಫೀಸಿನಲ್ಲೇ ನೀವೇ ನೋಡಿಕೊಳ್ಳಬಹುದಾದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕೊಳ್ಳುವ ಮುಂಚೆ: ಡಾಂಗಲ್ಲೋ, ಬ್ಲೂಟೂತೋ?

ವೈರ್‌ಲೆಸ್ ಮೌಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಉಗುರಿನಷ್ಟು ಸಣ್ಣ ಯುಎಸ್‌ಬಿ ರಿಸೀವರ್ ಇರುತ್ತದೆ. ನಮ್ಮಲ್ಲಿ ಎಲ್ಲರೂ ಅದನ್ನು ಡಾಂಗಲ್ ಅನ್ನುತ್ತಾರೆ. ಇನ್ನೊಂದು ಬಗೆ ಕಂಪ್ಯೂಟರಿನ ಬ್ಲೂಟೂತ್‌ಗೆ ನೇರವಾಗಿ ಸೇರಿಕೊಳ್ಳುತ್ತದೆ. ಎರಡೂ ಓಡುವುದು 2.4 ಗಿಗಾಹರ್ಟ್ಸ್ ಅಲೆಗಳ ಮೇಲೆಯೇ. ಕೆಲವು ಮೌಸ್‌ಗಳಲ್ಲಿ ಎರಡೂ ಸೌಲಭ್ಯ ಇರುತ್ತದೆ.

ನನ್ನ ಸಲಹೆ ಇಷ್ಟು. ಡೆಸ್ಕ್‌ಟಾಪ್ ಇದ್ದರೆ ಡಾಂಗಲ್ ಮೌಸ್ ತೊಗೊಳ್ಳಿ. ಎಷ್ಟೋ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇರುವುದೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕುವಾಗಲೂ ಡಾಂಗಲ್ ಮೌಸ್ ಕೆಲಸ ಮಾಡುತ್ತದೆ, ಬ್ಲೂಟೂತ್ ಮೌಸ್ ಬಹಳ ಸಲ ಮಾಡುವುದಿಲ್ಲ. ದಿನಾ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಓಡಾಡುವ ವಿದ್ಯಾರ್ಥಿಗಳಿಗೆ ಬ್ಲೂಟೂತ್ ಇರುವ ಮೌಸ್ ಒಳ್ಳೆಯದು. ಕಳೆದುಹೋಗಲು ಡಾಂಗಲ್ಲೇ ಇರುವುದಿಲ್ಲ ಅಲ್ವಾ? ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಕಿಂಡಿ ಎರಡೇ ಇದ್ದರೆ ಒಂದು ಉಳಿಯುತ್ತದೆ ಕೂಡ.

ಅಂಗಡಿಯಲ್ಲಿ ಕೊಂಡರೆ ಅಲ್ಲೇ ಒಂದು ಸಲ ಹಚ್ಚಿ ನೋಡಿ. ಕೈ ದೊಡ್ಡದಿರುವವರು ತೀರಾ ಸಣ್ಣ ಮೌಸ್ ತೊಗೊಳ್ಳಬೇಡಿ, ಸಂಜೆಯಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಬಿಲ್ ಕೇಳಿ ಪಡೆಯಿರಿ. ವಾರಂಟಿ ಎಷ್ಟು ವರ್ಷ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಬಿಲ್ ಇಲ್ಲದೆ ಅದು ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಡಬ್ಬಿಯಲ್ಲಿ ಡಾಂಗಲ್ಲೇ ಇರಲಿಲ್ಲ ಎಂದು ಹೇಳಬೇಕಾಗಿ ಬಂದರೆ ಅದು ಉಪಯೋಗಕ್ಕೆ ಬರುತ್ತದೆ.

ಡಬ್ಬಿ ಬಿಚ್ಚಿದ ಮೇಲೆ

ಇಲ್ಲಿ ಅವಸರ ಬೇಡ. ಡಬ್ಬಿ ಬಿಸಾಡುವ ಮುಂಚೆ ಡಾಂಗಲ್ ಎಲ್ಲಿದೆ ಹುಡುಕಿ. ಬಹಳಷ್ಟು ಮೌಸ್‌ಗಳಲ್ಲಿ ಅದು ಸೆಲ್ ಹಾಕುವ ಗೂಡಿನೊಳಗೇ, ಸೆಲ್ ಪಕ್ಕದ ಸಣ್ಣ ಸಂದಿನಲ್ಲಿ ಕೂತಿರುತ್ತದೆ. ಮುಚ್ಚಳ ತೆಗೆಯದೆ ಅದು ಕಾಣುವುದೇ ಇಲ್ಲ. ಇನ್ನು ಕೆಲವು ಕಂಪನಿಯವರು ರಟ್ಟಿನ ಮಡಿಕೆಯಲ್ಲಿ ಸಿಕ್ಕಿಸಿರುತ್ತಾರೆ. ರಟ್ಟಿನ ಜೊತೆ ಡಾಂಗಲ್ಲನ್ನೂ ಕಸಕ್ಕೆ ಹಾಕಿ ಬಂದವರು ನಮ್ಮ ಗಿರಾಕಿಗಳಲ್ಲಿ ಇದ್ದಾರೆ.

ಮೌಸ್ ಮಗುಚಿ ನೋಡಿ. ಸೆಲ್ ಮೊದಲೇ ಹಾಕಿದ್ದರೆ ಗೂಡಿನಿಂದ ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ತುದಿ ಹೊರಗೆ ಚಾಚಿಕೊಂಡಿರಬಹುದು. ಡಬ್ಬಿಯಲ್ಲಿ ಇದ್ದಾಗ ಸೆಲ್ ಖರ್ಚಾಗದಿರಲಿ ಎಂದು ಹಾಕಿದ ತಡೆ ಅದು. ಅದನ್ನು ಎಳೆದು ತೆಗೆಯದಿದ್ದರೆ ಮೌಸ್ ಏಳುವುದಿಲ್ಲ. ತಳದ ಕಾಲುಗಳಿಗೆ ಅಂಟಿಸಿದ ಹಾಳೆ ಇದ್ದರೆ ಅದನ್ನೂ ಕೀಳಿ.

ಸೆಲ್ ವಿಚಾರ. ಗೋಡೆ ಗಡಿಯಾರಕ್ಕೆ ಹಾಕುವುದು ಎಎ, ಟಿವಿ ರಿಮೋಟ್‌ಗೆ ಸಾಮಾನ್ಯವಾಗಿ ಹಾಕುವ ಸಣ್ಣದು ಎಎಎ. ಯಾವುದು ಬೇಕು ಎಂದು ಗೂಡಿನೊಳಗೇ ಬರೆದಿರುತ್ತದೆ. ಸ್ಪ್ರಿಂಗ್ ಇರುವ ಕಡೆ ಸೆಲ್‌ನ ಚಪ್ಪಟೆ ಭಾಗ ಬರಬೇಕು. ಸಾಧ್ಯವಾದರೆ ಆಲ್ಕಲೈನ್ ಸೆಲ್ ಹಾಕಿ. ಅಗ್ಗದ ಸಾದಾ ಸೆಲ್ ಬೇಗ ಮುಗಿಯುತ್ತದೆ, ಮುಗಿಯುವ ಹೊತ್ತಿಗೆ ಮೌಸ್ ತಡವರಿಸಲು ಶುರು ಮಾಡುತ್ತದೆ. ಎರಡು ಸೆಲ್ ಹಿಡಿಸುವ ಮೌಸ್ ಆದರೆ ಹಳೆಯದೊಂದು ಹೊಸದೊಂದು ಸೇರಿಸಬೇಡಿ. ಚಾರ್ಜ್ ಮಾಡುವ ಸೆಲ್ ಕೂಡ ನಡೆಯುತ್ತದೆ. ಅದರ ವೋಲ್ಟ್ 1.2, ಸಾದಾ ಸೆಲ್‌ನದು 1.5. ಹೀಗಾಗಿ ಬ್ಯಾಟರಿ ಕಡಿಮೆ ಇದೆ ಎಂದು ಮೌಸ್ ಬೇಗ ಸೂಚನೆ ಕೊಡಬಹುದು. ಗಾಬರಿ ಬೇಡ.

ಇನ್ನು ತಳದ ಸ್ವಿಚ್ ಆನ್ ಮಾಡಿ. ಕೆಂಪು ಬೆಳಕು ಕಾಣಲಿಲ್ಲ ಅಂತ ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಈಗಿನ ಹಲವು ಮೌಸ್‌ಗಳಲ್ಲಿರುವುದು ಇನ್‌ಫ್ರಾರೆಡ್ ಬೆಳಕು. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕೆಲವು ಫೋನ್‌ಗಳ ಮುಂದಿನ ಕ್ಯಾಮೆರಾ ಹಿಡಿದರೆ ಮಸುಕಾದ ನೇರಳೆ ಚುಕ್ಕಿ ಕಾಣುತ್ತದೆ.

ಜೋಡಿಸುವುದು

ಡಾಂಗಲ್ ಮೌಸ್ ಜೋಡಿಸುವುದು ತೀರಾ ಸರಳ. ಡಾಂಗಲ್ಲನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಕಾಯಿರಿ. ವಿಂಡೋಸ್ ಆಗಲಿ ಉಬುಂಟು ಆಗಲಿ ತಾನೇ ಗುರುತು ಹಿಡಿಯುತ್ತದೆ. ಸಾದಾ ಮೌಸ್‌ಗೆ ಡ್ರೈವರ್ ಸಿಡಿ ಏನೂ ಬೇಡ. ಡ್ರೈವರ್ ಡೌನ್‌ಲೋಡ್ ಮಾಡಿ ಎಂದು ಯಾವುದಾದರೂ ವೆಬ್‌ಸೈಟ್ ಹೇಳಿದರೆ ಸುಮ್ನೆ ಮುಚ್ಚಿಬಿಡಿ.

ಬ್ಲೂಟೂತ್ ಮೌಸ್‌ಗೆ ಮೊದಲ ಸಲ ಸ್ವಲ್ಪ ಕೆಲಸ ಇದೆ. ಮೌಸ್ ಆನ್ ಮಾಡಿ, ಅದರ ಜೋಡಣೆ ಗುಂಡಿಯನ್ನು ದೀಪ ಜೋರಾಗಿ ಮಿನುಗುವವರೆಗೆ ಒತ್ತಿ ಹಿಡಿಯಿರಿ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ವಿಂಡೋಸ್ 11ರಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ವಿಂಡೋಸ್ 10ರಲ್ಲಿ ‘ಡಿವೈಸಸ್’. ಅಲ್ಲಿ ಹೊಸ ಡಿವೈಸ್ ಸೇರಿಸುವ ಗುಂಡಿ ಒತ್ತಿ, ಬ್ಲೂಟೂತ್ ಆರಿಸಿ, ಪಟ್ಟಿಯಲ್ಲಿ ಮೌಸ್ ಹೆಸರು ಬಂದಾಗ ಅದರ ಮೇಲೆ ಒತ್ತಿ. ಲ್ಯಾಪ್‌ಟಾಪ್‌ನಲ್ಲಿ ಟಚ್‌ಪ್ಯಾಡ್ ಇರುತ್ತದೆ, ತೊಂದರೆ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಹಳೆಯ ವೈರ್ ಮೌಸ್ ಒಂದನ್ನು ಹತ್ತಿರ ಇಟ್ಟುಕೊಂಡೇ ಕೂರಿ.

ತಳದಲ್ಲಿ 1, 2, 3 ಎಂಬ ದೀಪಗಳಿರುವ ಮೌಸ್ ಬೇರೆಬೇರೆ ಕಂಪ್ಯೂಟರ್‌ಗಳನ್ನು ನೆನಪಿಡುತ್ತದೆ. ಬೀದರ್‌ನಿಂದ ಬಂದ ನಿವೃತ್ತ ಮೇಷ್ಟ್ರೊಬ್ಬರ ಮೌಸ್ ‘ತಾನಾಗೇ’ ನಿಂತುಹೋಗಿತ್ತು. ಮೊಮ್ಮಗ 1ರಿಂದ 2ಕ್ಕೆ ಬದಲಿಸಿ ತನ್ನ ಟ್ಯಾಬ್‌ಗೆ ಸೇರಿಸಿಕೊಂಡಿದ್ದ, ಅಷ್ಟೇ. ಗುಂಡಿ ಒತ್ತಿ 1ಕ್ಕೆ ತಂದ ಕೂಡಲೇ ಸರಿಹೋಯಿತು.

ಡಾಂಗಲ್ ಎಲ್ಲಿ ಸಿಕ್ಕಿಸಿದ್ದೀರಿ ಅನ್ನುವುದೇ ಅರ್ಧ ಕೆಲಸ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಬರುವ ದೂರುಗಳಲ್ಲಿ ಜಾಸ್ತಿ ಇದರದೇ. ಕರ್ಸರ್ ಜಿಗಿಯುತ್ತದೆ, ನಡುನಡುವೆ ನಿಲ್ಲುತ್ತದೆ, ಕ್ಲಿಕ್ ಮಾಡಿದ ಮೇಲೆ ಒಂದು ಕ್ಷಣ ಬಿಟ್ಟು ಕೆಲಸ ಮಾಡುತ್ತದೆ.

ನೆಹರು ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆಯುವವರೊಬ್ಬರು ಹೊಸ ಮೌಸನ್ನು ಮರಳಿಸಲು ಬಂದಿದ್ದರು. ನಮ್ಮ ಕೌಂಟರ್ ಮೇಲೆ ಅದು ನೀಟಾಗಿ ಓಡಿತು. ಅವರ ಅಂಗಡಿಗೇ ಹೋಗಿ ನೋಡಿದೆ. ಸಿಪಿಯು ಡಬ್ಬಿ ಕಬ್ಬಿಣದ ಟೇಬಲ್ಲಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಕೂತಿತ್ತು. ಡಾಂಗಲ್ ಅದರ ಹಿಂಭಾಗದಲ್ಲಿ, ಬ್ಯಾಕಪ್ ತೆಗೆಯುವ ಹಾರ್ಡ್ ಡಿಸ್ಕಿನ ವೈರಿಗೆ ತಾಗಿಕೊಂಡೇ ಇತ್ತು. ಮೌಸ್‌ಗೂ ಡಾಂಗಲ್‌ಗೂ ನಡುವೆ ಒಂದು ಕಬ್ಬಿಣದ ಹಲಗೆ, ಒಂದು ತಗಡಿನ ಡಬ್ಬಿ, ಜೊತೆಗೆ ಹಾರ್ಡ್ ಡಿಸ್ಕಿನ ಗದ್ದಲ.

ಗದ್ದಲ ಅಂದದ್ದು ಸುಮ್ನೆ ಅಲ್ಲ. ಯುಎಸ್‌ಬಿ 3.0 ಕಿಂಡಿ ಮತ್ತು ಅದಕ್ಕೆ ಹಚ್ಚಿದ ಹಾರ್ಡ್ ಡಿಸ್ಕ್, ಪೆನ್ ಡ್ರೈವ್‌ಗಳು ಡೇಟಾ ಸಾಗಿಸುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅಡ್ಡಿ ಉಂಟುಮಾಡುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಪ್ರಕಟಿಸಿದೆ. ವೈರ್‌ಲೆಸ್ ಮೌಸ್ ಅದೇ ಅಲೆಯ ಮೇಲೆ ಮಾತಾಡುವುದರಿಂದ ಅದರ ಸಿಗ್ನಲ್ ಡಾಂಗಲ್‌ಗೆ ಸರಿಯಾಗಿ ಕೇಳಿಸುವುದಿಲ್ಲ. ಬ್ಯಾಕಪ್ ಶುರುವಾದಾಗಲೇ ಮೌಸ್ ಹಟ ಹಿಡಿಯುತ್ತಿದ್ದುದು ಇದಕ್ಕೇ.

ಉಪಾಯ ಹೀಗಿದೆ. ಡೆಸ್ಕ್‌ಟಾಪ್ ಆದರೆ ಡಾಂಗಲ್ಲನ್ನು ಡಬ್ಬಿಯ ಮುಂಭಾಗದ ಕಿಂಡಿಗೆ ತನ್ನಿ. ಒಳಗೆ ನೀಲಿ ಬಣ್ಣ ಕಾಣುವ ಕಿಂಡಿ ಸಾಮಾನ್ಯವಾಗಿ 3.0, ಕಪ್ಪು ಅಥವಾ ಬಿಳಿ ಕಂಡರೆ ಹೆಚ್ಚಾಗಿ 2.0. ಡಾಂಗಲ್‌ಗೆ ಕಪ್ಪು ಕಿಂಡಿ ಸಾಕು. ಹಾರ್ಡ್ ಡಿಸ್ಕ್ ಒಂದು ಕಡೆ, ಡಾಂಗಲ್ ಇನ್ನೊಂದು ಕಡೆ ಇರಲಿ. ಮುಂದೆ ಕಿಂಡಿ ಇಲ್ಲದಿದ್ದರೆ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ಲನ್ನು ಟೇಬಲ್ ಮೇಲೆಯೇ ಕೂರಿಸಿ. ಗಂಜ್‌ನ ಆ ಅಂಗಡಿಯಲ್ಲಿ ನಾವು ಮಾಡಿದ್ದು ಇದನ್ನೇ. ಮೌಸ್ ಬದಲಿಸಲಿಲ್ಲ.

ವೈಫೈ ರೌಟರ್ ಕಂಪ್ಯೂಟರಿಗೆ ತಾಗಿಕೊಂಡಿದ್ದರೆ ಒಂದೆರಡು ಅಡಿ ದೂರ ಸರಿಸಿ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಮೌಸ್‌ಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ.

ಒಂದೇ ರೂಮಿನಲ್ಲಿ ಹಲವು ವೈರ್‌ಲೆಸ್ ಮೌಸ್ ಇದ್ದರೆ ಒಂದರ ಕ್ಲಿಕ್ ಇನ್ನೊಂದಕ್ಕೆ ಹೋಗುತ್ತದಾ ಎಂದು ಕೋಚಿಂಗ್ ಕ್ಲಾಸಿನವರು ಕೇಳುತ್ತಾರೆ. ಹೋಗುವುದಿಲ್ಲ. ಪ್ರತಿ ಮೌಸೂ ತನ್ನ ಡಾಂಗಲ್ ಜೊತೆ ಮಾತ್ರ ಜೋಡಿಯಾಗಿರುತ್ತದೆ. ಆದರೆ ಡಾಂಗಲ್‌ಗಳು ಅದಲುಬದಲಾದರೆ ಪಜೀತಿ. ಮೌಸ್ ತಳಕ್ಕೂ ಅದರ ಡಾಂಗಲ್ಲಿಗೂ ಒಂದೇ ಬಣ್ಣದ ನೇಲ್ ಪಾಲಿಶ್ ಚುಕ್ಕಿ ಇಡಿ. ಅಳಿಸುವುದಿಲ್ಲ, ಖರ್ಚೂ ಇಲ್ಲ.

ಮೇಜಿನ ಮೇಲೆ ಏನಿದೆ?

ಮೌಸ್ ತಳದಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ ಎಂದು ತಿಳಿಯಿರಿ. ಬೆಳಕು ಬಿಟ್ಟು, ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಹಿಡಿಯಲು ಯಾವ ಗುರುತೂ ಸಿಗುವುದಿಲ್ಲ. ನಮ್ಮ ಸರ್ಕಾರಿ ಆಫೀಸುಗಳ ಟೇಬಲ್ ನೆನಪಿಸಿಕೊಳ್ಳಿ. ಹಸಿರು ಬಟ್ಟೆ, ಅದರ ಮೇಲೆ ಫೋನ್ ನಂಬರಿನ ಪಟ್ಟಿ, ಕ್ಯಾಲೆಂಡರ್, ದೇವರ ಫೋಟೋ, ಎಲ್ಲದರ ಮೇಲೆ ದಪ್ಪ ಗಾಜು. ಅಲ್ಲಿ ಸಾದಾ ಆಪ್ಟಿಕಲ್ ಮೌಸ್ ಓಡದಿದ್ದರೆ ಅದು ಮೌಸ್‌ನ ತಪ್ಪಲ್ಲ. ಒಂದು ಬಿಳಿ ಹಾಳೆ ಅಥವಾ ನೋಟ್‌ಬುಕ್ಕಿನ ರಟ್ಟು ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಆಮೇಲೆ ಒಂದು ಬಟ್ಟೆಯ ಪ್ಯಾಡ್ ತಂದುಕೊಳ್ಳಿ.

ನಮ್ಮ ಭಾಗದ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ, ನೆಲ ಇರುತ್ತವೆ. ಪಾಲಿಶ್ ಮಾಡದ ಕಲ್ಲಿನ ಮೇಲೆ ಮೌಸ್ ಸಾಮಾನ್ಯವಾಗಿ ಚೆನ್ನಾಗಿ ಓಡುತ್ತದೆ. ಕಲ್ಲಿನ ಒರಟುತನವೇ ಅದಕ್ಕೆ ಗುರುತು. ಆದರೆ ಮೌಸ್‌ನ ಕಾಲುಗಳು ಬೇಗ ಸವೆಯುತ್ತವೆ, ಹಾಗಾಗಿ ಅಲ್ಲಿಯೂ ಪ್ಯಾಡ್ ಇದ್ದರೆ ಒಳ್ಳೆಯದು. ಕನ್ನಡಿಯಂತೆ ಹೊಳೆಯುವ ಟೈಲ್ಸ್, ಗ್ರಾನೈಟ್ ಮೇಲೆ ಕೆಲವೊಮ್ಮೆ ಕರ್ಸರ್ ತಪ್ಪಿಸಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಬಾಗಿಲು ಕಿಟಕಿ ತೆರೆದಿಟ್ಟರೆ ಧೂಳು ತಪ್ಪದು. ಸೆನ್ಸರ್ ಕಿಂಡಿಯಲ್ಲಿ ಒಂದು ಕೂದಲು ಸಿಕ್ಕಿದರೂ ಕರ್ಸರ್ ನಡುಗುತ್ತದೆ. ಮೌಸ್ ಆಫ್ ಮಾಡಿ, ಒಣ ಇಯರ್‌ಬಡ್‌ನಿಂದ ಮೆಲ್ಲಗೆ ಒರೆಸಿ. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ.

ಕೈಗೆ ತಕ್ಕಂತೆ ಹೊಂದಿಸಿಕೊಳ್ಳುವುದು

ಸ್ಟಾರ್ಟ್ ಒತ್ತಿ ಕಂಟ್ರೋಲ್ ಪ್ಯಾನೆಲ್ ಹುಡುಕಿ, ಅದರಲ್ಲಿ ಮೌಸ್ ತೆರೆಯಿರಿ. ಹೊಸಬರಿಗೆ, ಹಿರಿಯರಿಗೆ ಡಬಲ್ ಕ್ಲಿಕ್ ವೇಗ ಸ್ವಲ್ಪ ಕಡಿಮೆ ಮಾಡಿಕೊಡಿ. ಎಡಗೈಯವರು ಗುಂಡಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಪಾಯಿಂಟರ್ ಆಪ್ಷನ್ಸ್‌ನಲ್ಲಿ ವೇಗ ಇದೆ. ಅಲ್ಲೇ ಇರುವ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಟಿಕ್ ಗಮನಿಸಿ. ಅದು ಇದ್ದರೆ ಕೈಯ ವೇಗಕ್ಕೆ ತಕ್ಕಂತೆ ಕರ್ಸರ್ ಓಡುವ ದೂರವೂ ಬದಲಾಗುತ್ತದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವವರು ಅದನ್ನು ತೆಗೆದು ಕೆಲವು ದಿನ ನೋಡಿ, ಗೆರೆ ಎಳೆಯುವಾಗ ಕೈ ಹಿಡಿತಕ್ಕೆ ಬರುತ್ತದೆ. ಉಳಿದವರಿಗೆ ಇದ್ದರೂ ನಡೆಯುತ್ತದೆ.

ಹೈಕೋರ್ಟ್ ಪೀಠದ ವಕೀಲರ ಬಳಿ ಟೈಪ್ ಮಾಡುವ ಹುಡುಗರದ್ದು ಬೇರೆ ತಾಪತ್ರಯ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ವೇಗವಾಗಿ ಟೈಪ್ ಮಾಡುವಾಗ ಅಂಗೈ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ಗೆ ತಾಗಿ ಕರ್ಸರ್ ಬೇರೆ ಸಾಲಿಗೆ ಹಾರುತ್ತದೆ. ಬೈಗುಳ ಮೌಸ್‌ಗೆ ಬೀಳುತ್ತದೆ! ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ತೆರೆದು, ಮೌಸ್ ಹಚ್ಚಿದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಎಂಬ ಟಿಕ್ ತೆಗೆದುಬಿಡಿ. ಮೌಸ್ ಇದ್ದಷ್ಟು ಹೊತ್ತು ಟಚ್‌ಪ್ಯಾಡ್ ಸುಮ್ಮನಿರುತ್ತದೆ.

ಕೈಕೊಟ್ಟಾಗ, ಈ ಕ್ರಮದಲ್ಲಿ ನೋಡಿ

ಮೊದಲು ಒಂದು ಕ್ಲಿಕ್ ಮಾಡಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಸೆಲ್ ಉಳಿಸಲು ಮೌಸ್ ನಿದ್ದೆಗೆ ಹೋಗುತ್ತದೆ. ಕೆಲವು ಮೌಸ್‌ಗಳು ಅಲುಗಾಡಿಸಿದರೆ ಏಳುವುದಿಲ್ಲ, ಕ್ಲಿಕ್ಕೇ ಬೇಕು. ಎದ್ದಿಲ್ಲವಾದರೆ ತಳದ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ಹೊಸ ಸೆಲ್. "ಹೋದ ತಿಂಗಳೇ ಹಾಕೀನ್ರೀ" ಅನ್ನುವ ಸೆಲ್ ಬೇಡ, ಈಗ ಬಿಚ್ಚಿದ ಸೆಲ್ ಹಾಕಿ. ಆಮೇಲೆ ಬಿಳಿ ಹಾಳೆಯ ಮೇಲಿಟ್ಟು ನೋಡಿ. ಆಮೇಲೆ ಡಾಂಗಲ್ಲನ್ನು ಬೇರೆ ಕಿಂಡಿಗೆ ಹಾಕಿ. ಕೊನೆಗೆ ಮೌಸ್, ಡಾಂಗಲ್ ಎರಡನ್ನೂ ಬೇರೆ ಕಂಪ್ಯೂಟರಿಗೆ ಹಚ್ಚಿ. ಅಲ್ಲಿ ಓಡಿದರೆ ತೊಂದರೆ ನಿಮ್ಮ ಕಂಪ್ಯೂಟರಿನದು. ಅಲ್ಲೂ ಓಡದಿದ್ದರೆ ಮಾತ್ರ ಮೌಸ್ ಮೇಲೆ ಅನುಮಾನ ಪಡಿ.

ತೊಂದರೆ ಕಂಪ್ಯೂಟರಿನದೇ ಆದರೆ, ಅದೂ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗಲೆಲ್ಲ ಮೌಸ್ ಸಿಗದಿದ್ದರೆ, ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೆಳಗಡೆ ಯುಎಸ್‌ಬಿ ಕಂಟ್ರೋಲರ್‌ಗಳ ಪಟ್ಟಿಯಲ್ಲಿ ‘ರೂಟ್ ಹಬ್’ ಇರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗಬಹುದು, ಮೌಸ್ ಮಾತ್ರ ಎದ್ದಿರುತ್ತದೆ.

ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವುದು ಇನ್ನೊಂದು ದೂರು. ಕಂಟ್ರೋಲ್ ಪ್ಯಾನೆಲ್‌ನ ಮೌಸ್ ಕಿಟಕಿಯಲ್ಲಿ, ಡಬಲ್ ಕ್ಲಿಕ್ ವೇಗದ ಪಕ್ಕ ಒಂದು ಪುಟ್ಟ ಫೋಲ್ಡರ್ ಚಿತ್ರ ಇದೆ. ಅದರ ಮೇಲೆ ನಿಧಾನವಾಗಿ, ಬಿಟ್ಟು ಬಿಟ್ಟು, ಒಂದೊಂದೇ ಕ್ಲಿಕ್ ಮಾಡಿ. ಡಬಲ್ ಕ್ಲಿಕ್ ಮಾಡದೆಯೂ ಫೋಲ್ಡರ್ ತೆರೆದುಕೊಂಡರೆ ಗುಂಡಿಯ ಕೆಳಗಿನ ಸ್ವಿಚ್ ಸವೆದಿದೆ ಎಂದರ್ಥ. ಸೆಲ್ ಬದಲಿಸಿ, ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ. ವಾರಂಟಿ ಇದ್ದರೆ ಬದಲಿ ಪಡೆಯಿರಿ. ವಾರಂಟಿ ಮುಗಿದಿದ್ದು ಮೌಸ್ ದುಬಾರಿಯದ್ದಾದರೆ ಮಾತ್ರ ಸ್ವಿಚ್ ಬೆಸುಗೆ ಹಾಕಿಸುವುದು ಲಾಭ.

ಡಾಂಗಲ್ ಕಳೆದರೆ? ಅಗ್ಗದ ಹೆಚ್ಚಿನ ಮೌಸ್‌ಗಳಿಗೆ ಬೇರೆ ಡಾಂಗಲ್ ಸಿಗುವುದಿಲ್ಲ, ಹೊಸ ಮೌಸೇ ಗತಿ. ಲಾಜಿಟೆಕ್‌ನ ಕೆಲವು ಮೌಸ್‌ಗಳ ಮೇಲೆ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತು ಇರುತ್ತದೆ. ಅದು ಯೂನಿಫೈಯಿಂಗ್ ಬಗೆ. ಆ ರಿಸೀವರ್ ಬಿಡಿಯಾಗಿ ಕೊಂಡು, ಅದೇ ಕಂಪನಿಯ ಸಾಫ್ಟ್‌ವೇರ್ ಬಳಸಿ ಹಳೆಯ ಮೌಸ್ ಜೋಡಿಸಬಹುದು. ಅಂಥ ಒಂದೇ ರಿಸೀವರ್‌ಗೆ ಆರು ಮೌಸ್, ಕೀಬೋರ್ಡ್‌ವರೆಗೆ ಸೇರುತ್ತವೆ. ಕಳೆಯದಿರಲು ಒಂದೇ ದಾರಿ: ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುವಾಗ ಡಾಂಗಲ್ ಕಿತ್ತು ಮೌಸ್ ಹೊಟ್ಟೆಯ ಗೂಡಿನಲ್ಲಿಡಿ. ಯಾದಗಿರಿಯಿಂದ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿಯೊಬ್ಬನ ಬ್ಯಾಗಿನಲ್ಲಿ ಡಾಂಗಲ್ ಒತ್ತಿ ಬಾಗಿ, ಅದರ ಜೊತೆ ಯುಎಸ್‌ಬಿ ಕಿಂಡಿಯೂ ಹೋಗಿತ್ತು. ಮೌಸ್‌ಗಿಂತ ಕಿಂಡಿಯ ರಿಪೇರಿಯೇ ಜಾಸ್ತಿ ಬಿತ್ತು.

ಅರ್ಜಿ ತುಂಬುವಾಗಲೇ ಮೌಸ್ ನಿಂತರೆ

ಕೊನೆಯ ದಿನ, ರಾತ್ರಿ ಹೊತ್ತು, ಆನ್‌ಲೈನ್ ಅರ್ಜಿ ಅರ್ಧಕ್ಕೆ ಬಂದಿದೆ, ಸೆಲ್ ಮುಗಿಯಿತು. ಪೇಜ್ ಮುಚ್ಚಬೇಡಿ. ಟ್ಯಾಬ್ ಕೀ ಒತ್ತುತ್ತಾ ಹೋದರೆ ಒಂದು ಖಾನೆಯಿಂದ ಮುಂದಿನದಕ್ಕೆ ಹೋಗಬಹುದು, ಶಿಫ್ಟ್ ಜೊತೆ ಒತ್ತಿದರೆ ಹಿಂದಕ್ಕೆ. ಟಿಕ್ ಹಾಕಲು ಸ್ಪೇಸ್, ಗುಂಡಿ ಒತ್ತಲು ಎಂಟರ್, ಪಟ್ಟಿಯಲ್ಲಿ ಆರಿಸಲು ಬಾಣದ ಕೀಗಳು.

ಬಲಗಡೆ ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಆದರೆ ಇನ್ನೂ ಒಂದು ದಾರಿ ಇದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ. ಮೌಸ್ ಕೀಸ್ ಶುರು ಮಾಡಲೇ ಎಂದು ವಿಂಡೋಸ್ ಕೇಳುತ್ತದೆ, ಎಂಟರ್ ಒತ್ತಿ. ಈಗ 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ ಕರ್ಸರ್ ಓಡಿಸುತ್ತದೆ, 5 ಅಂದರೆ ಕ್ಲಿಕ್. ನಿಧಾನ, ನಿಜ. ಆದರೆ ಅರ್ಜಿ ಸಲ್ಲಿಕೆಯಾಗುತ್ತದೆ.

ಬೇಸಿಗೆ ಮತ್ತು ಸೆಲ್

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಮೌಸ್ ಬಿಡಬೇಡಿ. ಶಾಲೆಗಳು ರಜೆಗೆ ಮುಚ್ಚುವಾಗ ಲ್ಯಾಬಿನ ಎಲ್ಲ ಮೌಸ್‌ಗಳಿಂದ ಸೆಲ್ ತೆಗೆದಿಡಬೇಕು. ಜೂನ್‌ನಲ್ಲಿ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ ಮೌಸ್‌ಗಳು ನಮ್ಮಲ್ಲಿಗೆ ಬರುತ್ತವೆ. ಆಲ್ಕಲೈನ್ ಸೆಲ್ ಸೋರಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು, ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್‌ನಿಂದ ಲೋಹದ ತುದಿಗಳನ್ನು ಒರೆಸಿ, ಆಮೇಲೆ ಒದ್ದೆ ಬಡ್‌ನಿಂದ, ಕೊನೆಗೆ ಒಣ ಬಟ್ಟೆಯಿಂದ. ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಲೋಹ ತಿಂದುಹೋಗಿರದಿದ್ದರೆ ಮೌಸ್ ಮತ್ತೆ ನಡೆಯುತ್ತದೆ.

ಅಂಗಡಿಗೆ ತರಲೇಬೇಕಾದಾಗ

ಮಾರಿದವರು ವಾರಂಟಿ ಇದ್ದೂ ಬದಲಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ನಂಬರ್, ಕೊಂಡ ತಾರೀಕು ಕೈಯಲ್ಲಿರಲಿ. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಬೇರೆ ಊರಿನವರಿಂದ ಕೊಂಡಿದ್ದರೂ ಸರಿ.

ರಿಪೇರಿಗೆ ತರುವಾಗ ಮೌಸ್, ಡಾಂಗಲ್, ಬಿಲ್ ಮೂರನ್ನೂ ತನ್ನಿ. ಚಿಂಚೋಳಿಯಿಂದ ಬರೀ ಮೌಸ್ ಹಿಡಿದುಕೊಂಡು ಬರುವವರಿಗೆ ಲೆಕ್ಕವಿಲ್ಲ, ಡಾಂಗಲ್ ಮನೆಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಅದಿಲ್ಲದೆ ನಾವೂ ಏನೂ ಪರೀಕ್ಷೆ ಮಾಡಲಾಗುವುದಿಲ್ಲ.